ಮಿಲ್ ಡ್ಯಾಮ್‌ಗೆ ಕನ್ನಡದಲ್ಲಿ ಏನಂತೀರಿ? (ಸ್ವಲ್ಪ ಅರ್ಜೆಂಟು)

ಎಲ್ರಿಗೂ ನಮಸ್ಕಾರ. ಅಮೆರಿಕದ ಪೆನ್ಸಿಲ್ವೇನಿಯಾ ಕಡೆಯ ಹಳ್ಳಗಳ ಬಗ್ಗೆ ಒಂದು ಲೇಖನ ಅನುವಾದ ಮಾಡ್ತಿದೀನಿ, ನಾಳೆ ಸಂಜೆ ಪೇಜು ಹೋಗುತ್ತೆ. ಅಲ್ಲಿ ಸಣ್ಣಪುಟ್ಟ ಹಳ್ಳಕ್ಕೆಲ್ಲಾ ಅಡ್ಡ ಕಟ್ಟಿ, ನೀರಿನ ಮಟ್ಟ ಏರಿಸಿ, ಪಕ್ಕದ ಕಾಲುವೇಲಿ ಚಕ್ರಕ್ಕೆ ಬಿಟ್ಟು ಹಿಟ್ಟಿನ ಗಿರಣಿ, ಮರ ಕೊಯ್ಯೋ ಗಿರಣಿ ನಡೆಸ್ತಿದ್ರು. 1840ರ ಸೆನ್ಸಸ್ ಲೆಕ್ಕದಲ್ಲಿ ಪೂರ್ವ ಅಮೆರಿಕದಲ್ಲಿ ಇಂಥ ನೀರಿನ ಗಿರಣಿ 65,000ಕ್ಕೂ ಜಾಸ್ತಿ. ಅವುಗಳ ಹಿಂದೆ ಹೂಳು ತುಂಬಿ ಹಳೇ ಹಳ್ಳದ ಪಾತ್ರವೇ ಮುಚ್ಚಿಹೋಗಿದೆ ಅಂತ 2008ರಲ್ಲಿ ವಾಲ್ಟರ್ ಮತ್ತು ಮೆರಿಟ್ಸ್ ಅನ್ನೋ ಭೂವಿಜ್ಞಾನಿಗಳು ತೋರಿಸಿದ್ದೇ ಲೇಖನದ ವಿಷಯ. ಅಣೆಕಟ್ಟು ಅಂದ್ರೆ ಓದೋರ ಕಣ್ಮುಂದೆ ಕೆಆರ್‌ಎಸ್ ಬಂದು ನಿಲ್ಲುತ್ತೆ, ಇವು ಹೆಚ್ಚಾಗಿ ಒಂದೂವರೆ ಎರಡಾಳು ಎತ್ತರ ಅಷ್ಟೆ. ಏನು ಹಾಕ್ಲಿ?

*

ಅಣೆ. ಇದ್ರಲ್ಲಿ ಕೇಳೋದೇನಿದೆ? ನೀರು ಕೂಡಿಡೋಕಲ್ಲ, ಮಟ್ಟ ಏರಿಸಿ ಕಾಲುವೆಗೆ ತಿರುಗಿಸೋಕೆ ಕಟ್ಟೋದು ಅಣೆ. ಕಾವೇರಿ ಮೇಲಿನ ಬಂಗಾರದೊಡ್ಡಿ ಅಣೆ, ಮಾಧವಮಂತ್ರಿ ಅಣೆ ನೋಡಿಲ್ವಾ? ತಮಿಳಿನ ಅಣೈಕಟ್ಟನ್ನ ಇಂಗ್ಲಿಷರೇ ಆನಿಕಟ್ ಅಂತ ಎತ್ಕೊಂಡು ಹೋದ್ರು, ನಮ್ಮೋರು ತಿರುಗಾ ಅವರ ಹತ್ರ ಪದ ಕೇಳ್ತಾ ಕೂತಿದಾರೆ. ಆ ಗಿರಣಿ ಮರಾಠಿ ಸರಕು, ಅದನ್ನೂ ತೆಗೀರಿ. ಬೀಸು + ಅಣೆ, ಬೀಸಣೆ ಅನ್ನಿ, ಮುಗೀತು.

*

ಬೀಸಣೆ ಅಂದ್ರೆ ಬೀಸಣಿಗೆ ಅಂದ್ಕೊಂಡು ಗಾಳಿ ಹಾಕ್ಕೊಳ್ತಾರೆ ಸಾರ್.

ನಮ್ಮ ಪುತ್ತೂರು ಸುಳ್ಯದ ಕಡೆ "ಕಟ್ಟ" ಅಂತ ಉಂಟು. ಮಳೆ ಹೋದ ಮೇಲೆ ತೋಡಿಗೆ ಅಡ್ಡ ಕಲ್ಲು ಇಟ್ಟು, ಮಣ್ಣು ಸೊಪ್ಪು ತುಂಬಿ ಮೆಟ್ಟಿ ಮೆಟ್ಟಿ ಗಟ್ಟಿ ಮಾಡಿದ್ರೆ ಹಿಂದೆ ನೀರು ಏರ್ತದೆ, ಕಣಿಯಲ್ಲಿ ಅಡಕೆ ತೋಟಕ್ಕೆ ಹೋಗ್ತದೆ. ಹಳ್ಳದ ಅಳತೆಗೆ ಸರಿಯಾದ ಪದ ಇದೇ. ಅಣೆ ಅಂದ್ರೆ ಕಾವೇರಿಯಂಥ ಹೊಳೆಗೆ ಆಯ್ತು.

*

ಕಟ್ಟ ಮೊದಲ ದೊಡ್ಡ ಮಳೆಗೆ ಕೊಚ್ಚಿ ಹೋಗೋದು. ಅಲ್ಲಿಯವು ಎಷ್ಟೋ ಕಡೆ ನೂರು ವರ್ಷದ ಮೇಲೆ ನಿಂತಿವೆ, ಇಲ್ದಿದ್ರೆ ಆ ಪಾಟಿ ಹೂಳು ಎಲ್ಲಿಂದ ಬಂತು? ಸರಿಹೊಂದಲ್ಲ.

*

ಗಿರಣಿ ಮರಾಠಿ ಸರಕು ಅಂದವರಿಗೆ: ಧಾರವಾಡದಾಗ ಯಾರ ಮನ್ಯಾಗ ಬೇಕಾದ್ರೂ ಕೇಳ್ರಿ, ಜ್ವಾಳ ಬೀಸಿಸ್ಕೊಂಡು ಬರಾಕ ಗಿರಣಿಗೇ ಹೋಗೋದು. ಗೋಕಾಕ ಫಾಲ್ಸಿನ ಹತ್ತಿ ಗಿರಣಿ ಘಟಪ್ರಭಾ ನೀರಿನ ಶಕ್ತೀಲೆ ನಡದದ್ದು, ಅದಕ್ಕೂ ಬೀಸಣಿ ಅನ್ನೂಣೇನ್ರಿ? ಮೈಸೂರಾಗ ರೈಸ್ ಮಿಲ್ಲು, ಸಾ ಮಿಲ್ಲು ಅಂತ ಬೋರ್ಡ್ ಹಾಕ್ಕೊಂಡು ನಮಗ ಅಚ್ಚಗನ್ನಡ ಕಲಸಾಕ ಬರಬ್ಯಾಡ್ರಿ.

ಇನ್ನ ಅನುವಾದದವರಿಗೆ ಒಂದು ಮಾತು. ಒಡ್ಡು ಯಾಕ ಬೇಕು ಅನ್ನೋದನ್ನ ಲೇಖನದಾಗ ಬಿಡಬ್ಯಾಡ್ರಿ. ಚಕ್ರದ ಕೆಳಗ ಹರಿಯೋ ನೀರು ಬರೇ ದೂಡತದ, ಮ್ಯಾಲಿಂದ ಬಿದ್ದ ನೀರು ತೊಟ್ಟಿಯೊಳಗ ತುಂಬಿ ತನ್ನ ಭಾರದಿಂದ ಚಕ್ರ ಎಳಿತದ. ಎರಡನೇದು ಸುಮಾರು ದುಪ್ಪಟ್ಟು ಕೆಲಸ ಕೊಡತದ ಅಂತ ಇಂಗ್ಲೆಂಡಿನ ಎಂಜಿನಿಯರ್ ಜಾನ್ ಸ್ಮೀಟನ್ 1759ರಾಗ ಮಾಡೆಲ್ ಮಾಡಿ ಅಳದು ತೋರಿಸಿದ. ಸಪಾಟ ನೆಲದಾಗ ಅಷ್ಟು ಎತ್ತರ ಒಡ್ಡು ಇಲ್ಲದ ಸಿಗಂಗಿಲ್ಲ. ಅದಕ್ಕ "ಗಿರಣಿ ಒಡ್ಡು" ಅನ್ರಿ, ಎಲ್ಲಾರಿಗೂ ತಿಳಿತದ.

*

ಒಡ್ಡು ಹೊಲದ ಬದುವಿಗೆ. ಹಳ್ಳಕ್ಕಲ್ಲ. ನಾನು ಬೋರ್ಡ್ ಹಾಕ್ಕೊಂಡಿಲ್ಲ.

*

ಎಲ್ರಿಗೂ ಥ್ಯಾಂಕ್ಸ್. "ಗಿರಣಿ ಅಣೆ" ಅಂತ ಹಾಕಿ ಡಿಟಿಪಿಗೆ ಕಳಿಸ್ದೆ. ಚಕ್ರ ತಿರುಗಿಸಿ ಆದ್ಮೇಲೆ ನೀರು ವಾಪಸ್ ಹಳ್ಳಕ್ಕೆ ಸೇರೋ ಕಾಲುವೆಗೆ ಸದ್ಯಕ್ಕೆ "ಹಿಂಗಾಲುವೆ" ಅಂದಿದೀನಿ, ಒಳ್ಳೇದಿದ್ರೆ ಬೆಳಗ್ಗೆ ಹತ್ತರೊಳಗೆ ಹೇಳಿ.

*

ಹಿಂಗಾಲುವೆ ಪರವಾಗಿಲ್ಲ. ಗಿರಣಿ ಇಟ್ಕೊಂಡೇ ಅಚ್ಚು ಹಾಕೋದಾದ್ರೆ ಕೃತಜ್ಞತೆ ಪಟ್ಟೀಲಿ ನನ್ನ ಹೆಸ್ರು ಬೇಡ.