ಗ್ರೇಸನ್ ಹೋದರು, ಜರಗೋಜಾ ಬಂದರು: ಬೆಂಗಳೂರು ಎಫ್‌ಸಿ ಸರಿಯಾದ ಕೋಚನ್ನೇ ಆರಿಸಿದೆಯೇ?

ದಾವಣಗೆರೆ ನೀಲಿ (ಡಿಸೆಂಬರ್ 2023)

ಡಿಸೆಂಬರ್ 8ರ ರಾತ್ರಿ ಕಂಠೀರವದಲ್ಲಿ ಮುಂಬೈ ಸಿಟಿ ನಮ್ಮವರನ್ನು 4-0 ಅಂತರದಿಂದ ಮಣಿಸಿದ ಮರುದಿನವೇ ಕೋಚ್ ಸೈಮನ್ ಗ್ರೇಸನ್ ಅವರನ್ನು ನಮ್ಮ ಫುಟ್‌ಬಾಲ್ ಕ್ಲಬ್ ಕೈಬಿಟ್ಟಿತು. ಒಂಬತ್ತು ಪಂದ್ಯಗಳಲ್ಲಿ ಒಂದೇ ಗೆಲುವು ಎಂದಮೇಲೆ ಆ ತೀರ್ಮಾನದ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಇರುವುದು ಮುಂದಿನ ಹೆಜ್ಜೆಯ ಬಗ್ಗೆ. ಅವರ ಜಾಗಕ್ಕೆ ಬಂದಿರುವ ಸ್ಪೇನಿನ ಜೆರಾರ್ಡ್ ಜರಗೋಜಾ ಹಿಂದೆ ನಮ್ಮಲ್ಲಿಯೇ ಕಾರ್ಲೆಸ್ ಕ್ವಾಡ್ರಾಟ್ ಅವರಿಗೆ ಸಹಾಯಕರಾಗಿದ್ದರು. ನಾವು ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಗೆದ್ದ 2018-19ರ ತಂಡದಲ್ಲಿ ಅವರ ಪಾಲೂ ಇದೆ. ಆದರೆ ಸಹಾಯಕರಾಗಿ ಅಭ್ಯಾಸ ನಡೆಸುವುದೇ ಬೇರೆ, ಋತುವಿನ ನಡುವೆ ನೆಲಕಚ್ಚಿದ ತಂಡವೊಂದರ ಪೂರ್ತಿ ಹೊಣೆ ಹೊರುವುದೇ ಬೇರೆ.

ಇಲ್ಲಿ ದಾವಣಗೆರೆಯಲ್ಲಿ, ಅಂದರೆ ಕ್ರಿಕೆಟಿಗ ವಿನಯ್ ಕುಮಾರ್ ಅವರ ಊರಿನಲ್ಲಿ, ಫುಟ್‌ಬಾಲ್ ಕೋಚ್ ಬಗ್ಗೆ ಕೂತು ಚರ್ಚಿಸುವವರು ಸಿಗುವುದು ಅಪರೂಪ. ಆದ್ದರಿಂದ ನಿಮ್ಮನ್ನೇ ಕೇಳುತ್ತಿದ್ದೇನೆ. ದೊಡ್ಡ ತಂಡಗಳನ್ನು ಸ್ವತಂತ್ರವಾಗಿ ನಡೆಸಿ ಪಳಗಿದ ಒಬ್ಬರನ್ನು ಹುಡುಕಬೇಕಿತ್ತೇ, ಅಥವಾ ಮನೆಯ ರೀತಿ-ನೀತಿ ಬಲ್ಲವರು ಬಂದದ್ದೇ ಒಳ್ಳೆಯದಾಯಿತೇ?

ವೆಸ್ಟ್ ಬ್ಲಾಕ್ ಮೂಲೆ

ನಾನೂ ದಾವಣಗೆರೆಯವನೇ, ಈಗ ಬೆಂಗಳೂರಿನಲ್ಲಿದ್ದೇನೆ. ನಿಮ್ಮ ಆತಂಕ ಅರ್ಥವಾಗುತ್ತದೆ, ಆದರೆ ಸಹಾಯಕರಿಗೆ ಪಟ್ಟ ಕಟ್ಟುವುದು ಈ ಕ್ಲಬ್ಬಿಗೆ ಹೊಸದಲ್ಲ. 2016ರಲ್ಲಿ ಆಲ್ಬರ್ಟ್ ರೋಕಾ ಬಂದಾಗ ಜೊತೆಗೆ ಕ್ವಾಡ್ರಾಟ್ ಅವರನ್ನು ಸಹಾಯಕರಾಗಿ ಕರೆತಂದರು. ಸ್ವತಃ ರೋಕಾ ಕೂಡ ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್ ಅವರ ಕೈಕೆಳಗೆ ಕೆಲಸ ಮಾಡಿದವರು. ಅವರ ಮೊದಲ ವರ್ಷವೇ ನಾವು ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್ ಫೈನಲ್ ತಲುಪಿದೆವು. ಭಾರತದ ಬೇರೆ ಯಾವ ಕ್ಲಬ್ಬೂ ಅದುವರೆಗೆ ಅಲ್ಲಿಗೆ ಹೋಗಿರಲಿಲ್ಲ. 2018ರಲ್ಲಿ ರೋಕಾ ಹೊರಟಾಗ ಕ್ವಾಡ್ರಾಟ್ ಅವರಿಗೆ ಬಡ್ತಿ ಸಿಕ್ಕಿತು. ಆಗಲೂ ಇದೇ ಪ್ರಶ್ನೆ ಎದ್ದಿತ್ತು, ಮರುವರ್ಷವೇ ಐಎಸ್‌ಎಲ್ ಕಪ್ ಬಂತು.

ಗೋವಾ ವಿರುದ್ಧದ ಆ ಫೈನಲ್ ನೆನಪಿಸಿಕೊಳ್ಳಿ. 90 ನಿಮಿಷ ಮುಗಿದು ಹೆಚ್ಚುವರಿ ಅವಧಿಯೂ ಮುಗಿಯುತ್ತ ಬಂದು, ಇನ್ನೇನು ಪೆನಾಲ್ಟಿಯೇ ಗತಿ ಎನ್ನುವಾಗ ಡಿಮಾಸ್ ಡೆಲ್ಗಾಡೊ ಹೊಡೆದ ಕಾರ್ನರಿಗೆ ರಾಹುಲ್ ಭೇಕೆ ತಲೆ ಕೊಟ್ಟರು. ಅದು ಅದೃಷ್ಟದ ಗೋಲಲ್ಲ. ಕಾರ್ನರ್, ಫ್ರೀ ಕಿಕ್‌ಗಳನ್ನು ಅಷ್ಟೊಂದು ಶ್ರದ್ಧೆಯಿಂದ ಅಭ್ಯಾಸ ಮಾಡಿಸುತ್ತಿದ್ದ ಸಿಬ್ಬಂದಿಯಲ್ಲಿ ಜರಗೋಜಾ ಅವರೂ ಇದ್ದರು. ನಾಯಕ ಸುನಿಲ್ ಛೆಟ್ರಿಯವರಿಗೆ, ಗೋಲ್‌ಕೀಪರ್ ಗುರ್‌ಪ್ರೀತ್ ಅವರಿಗೆ ಈ ಮನುಷ್ಯನ ಪರಿಚಯ ಮೊದಲೇ ಇದೆ. ಋತುವಿನ ನಡುವೆ ಬರುವ ಕೋಚ್‌ಗೆ ಪರಿಚಯ ಮಾಡಿಕೊಳ್ಳುವುದರಲ್ಲೇ ಒಂದು ತಿಂಗಳು ಕಳೆದುಹೋಗುತ್ತದೆ. ಇವರಿಗೆ ಆ ತಿಂಗಳು ಉಳಿಯಿತು.

ಕಲ್ಲಿನಕೋಟೆ

ಚಿತ್ರದುರ್ಗದಿಂದ ನನ್ನದೊಂದು ಭಿನ್ನಾಭಿಪ್ರಾಯ, ಬೇಸರ ಮಾಡಿಕೊಳ್ಳಬೇಡಿ ಸರ್. ಕ್ವಾಡ್ರಾಟ್ ಅವರಿಗೆ ಸಿಕ್ಕಿದ್ದು ರೋಕಾ ಕಟ್ಟಿಟ್ಟ ತಂಡ. ಮಿಕು, ಡಿಮಾಸ್, ಹುವಾನನ್, ಪಾರ್ಟಾಲು, ಉದಾಂತ, ಇವರೆಲ್ಲರ ಜೊತೆಗೆ ಐದು ವರ್ಷ ಚಿಕ್ಕವರಾಗಿದ್ದ ಛೆಟ್ರಿ. ಅಷ್ಟು ಸಾಮಾನು ಮನೆಯಲ್ಲಿದ್ದಾಗ ಅಡುಗೆಯವರು ಬದಲಾದರೂ ಊಟ ಕೆಡುವುದಿಲ್ಲ. ಜರಗೋಜಾ ಅವರಿಗೆ ಸಿಗುತ್ತಿರುವುದು ಏನು?

ಕಳೆದ ಋತುವನ್ನೇ ನೋಡಿ. ಮೊದಲರ್ಧದಲ್ಲಿ ಮುಗ್ಗರಿಸಿದ್ದ ತಂಡವನ್ನು ಇದೇ ಗ್ರೇಸನ್ ಹಿಂದೆ ಮೂವರು ಡಿಫೆಂಡರ್‌ಗಳ ಆಟಕ್ಕೆ ಒಗ್ಗಿಸಿದರು. ನಡುವೆ ಸಂದೇಶ್ ಝಿಂಗನ್, ಎರಡೂ ಅಂಚುಗಳಲ್ಲಿ ದಣಿವರಿಯದೆ ಓಡುವ ರೋಶನ್ ಮತ್ತು ಪ್ರಬೀರ್ ದಾಸ್, ಮುಂದೆ ರಾಯ್ ಕೃಷ್ಣ ಮತ್ತು ಶಿವಶಕ್ತಿ. ಛೆಟ್ರಿಯಂಥವರನ್ನೇ ಬೆಂಚಿನಲ್ಲಿ ಕೂರಿಸಿ ಕೊನೆಯ ಅರ್ಧ ಗಂಟೆಗೆ ಇಳಿಸುವ ಧೈರ್ಯವನ್ನೂ ಅವರು ತೋರಿದರು. ಲೀಗಿನ ಕೊನೆಯ ಎಂಟೂ ಪಂದ್ಯಗಳನ್ನು ಗೆದ್ದೆವು. ನಾಕೌಟ್‌ನಲ್ಲಿ ಎದುರಾಳಿಗಳು ಸಜ್ಜಾಗುವ ಮೊದಲೇ ಛೆಟ್ರಿ ಫ್ರೀ ಕಿಕ್ ಹೊಡೆದು ಗೋಲು ಗಳಿಸಿದ್ದಕ್ಕೆ ಕೇರಳದವರು ಸಿಟ್ಟಾಗಿ ಮೈದಾನ ಬಿಟ್ಟು ಹೊರನಡೆದರು. ಫೈನಲ್‌ನಲ್ಲಿ 2-2 ಸಮ ಮಾಡಿಕೊಂಡು ಶೂಟೌಟ್‌ನಲ್ಲಿ ಮಾತ್ರ ಸೋತೆವು. ಅದಕ್ಕೂ ಮೊದಲು 2022ರ ಡ್ಯೂರಾಂಡ್ ಕಪ್ ಬಂದಿತ್ತು.

ಆಮೇಲೆ ಆದದ್ದೇನು? ಝಿಂಗನ್ ಗೋವಾಕ್ಕೆ, ಉದಾಂತ ಸಹ ಗೋವಾಕ್ಕೆ, ರಾಯ್ ಕೃಷ್ಣ ಒಡಿಶಾಕ್ಕೆ, ಪ್ರಬೀರ್ ದಾಸ್ ಕೇರಳಕ್ಕೆ. ಆಟದ ಪದ್ಧತಿ ಯಾರ ಮೇಲೆ ನಿಂತಿತ್ತೋ ಅವರನ್ನೇ ಬಿಟ್ಟುಕೊಟ್ಟು, ಪದ್ಧತಿ ಕುಸಿದಾಗ ಕೋಚ್‌ನ ತಲೆದಂಡ ಪಡೆದಿದ್ದೇವೆ. ಲೀಡ್ಸ್ ಇಂಗ್ಲೆಂಡಿನ ಮೂರನೇ ದರ್ಜೆಯಲ್ಲಿದ್ದಾಗ, 2010ರಲ್ಲಿ, ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ಅದರ ಮೈದಾನದಲ್ಲಿಯೇ ಸೋಲಿಸಿ ಎಫ್‌ಎ ಕಪ್‌ನಿಂದ ಹೊರಹಾಕಿದ ಗ್ರೇಸನ್ ಆರು ತಿಂಗಳಲ್ಲಿ ಕೆಲಸ ಮರೆತರು ಎಂದು ನಾನು ನಂಬುವುದಿಲ್ಲ. 2013ರಿಂದ 2021ರ ಜನವರಿವರೆಗೆ ವೆಸ್ಟ್‌ವುಡ್, ರೋಕಾ, ಕ್ವಾಡ್ರಾಟ್ ಎಂದು ಮೂವರೇ ಕೋಚ್‌ಗಳಿದ್ದರು. ಅಲ್ಲಿಂದೀಚೆಗೆ ಮೂರು ವರ್ಷ ತುಂಬುವ ಮೊದಲೇ ಪೆಝಾಯುವೊಲಿ, ಗ್ರೇಸನ್, ಈಗ ಇವರು. ನಡುವೆ ನೌಶಾದ್ ಮೂಸಾ ಹಂಗಾಮಿ. ಜರಗೋಜಾ ಅವರ ಸಾಮರ್ಥ್ಯದ ಬಗ್ಗೆ ನನಗೆ ಅನುಮಾನವಿಲ್ಲ, ಅವರಿಗೆ ಆಟಗಾರರನ್ನು ಕೊಡುವವರ ಬಗ್ಗೆ ಇದೆ.

ಮಧ್ಯಮೈದಾನ

ನೌಶಾದ್ ಮೂಸಾ ಅವರ ಹೆಸರು ಬಂತೆಂದು ಕೇಳುತ್ತೇನೆ. ಭಾರತೀಯ ಕೋಚ್‌ಗಳು ನಮಗೆ ಹಂಗಾಮಿ ಕೆಲಸಕ್ಕೆ ಮಾತ್ರ ನೆನಪಾಗುವುದೇಕೆ? 2016-17ರಲ್ಲಿ ಖಾಲಿದ್ ಜಮೀಲ್ ಐಜಾಲ್‌ನಂಥ ಪುಟ್ಟ ಕ್ಲಬ್ಬನ್ನು ಆಗಿನ ರಾಷ್ಟ್ರೀಯ ಲೀಗ್ ಆದ ಐ-ಲೀಗ್‌ನ ಚಾಂಪಿಯನ್ ಮಾಡಿದರು. ಆ ವರ್ಷ ಪ್ರಶಸ್ತಿ ಉಳಿಸಿಕೊಳ್ಳಲಾಗದವರು ನಾವೇ. ಐಎಸ್‌ಎಲ್‌ನಲ್ಲಿ ಸೋತರೆ ಕೆಳಗಿನ ದರ್ಜೆಗೆ ಇಳಿಯುವ ಭಯ ಸದ್ಯಕ್ಕಿಲ್ಲ. ಹಾಗಿರುವಾಗ ಹೊಸ ಪ್ರಯೋಗ ಮಾಡಲು ಇದಕ್ಕಿಂತ ಒಳ್ಳೆಯ ಸಮಯ ಯಾವುದು?

ವೆಸ್ಟ್ ಬ್ಲಾಕ್ ಮೂಲೆ

ಕಲ್ಲಿನಕೋಟೆಯವರೇ, ಆಟಗಾರರ ವಿಷಯದಲ್ಲಿ ನಿಮ್ಮ ಮಾತನ್ನು ಒಪ್ಪುತ್ತೇನೆ. ಆದರೆ ನಿಮ್ಮ ವಾದವನ್ನೇ ಹಿಡಿದು ಹೋದರೂ ಜರಗೋಜಾ ಅವರೇ ಮೇಲು. ದೊಡ್ಡ ಹೆಸರಿನವರು ಬಂದರೆ ಅವರೊಂದಿಗೆ ಅವರ ಆಟಗಾರರ ಪಟ್ಟಿಯೂ ಬರುತ್ತದೆ, ಮತ್ತೆ ಎಲ್ಲವನ್ನೂ ಕೆಡವಿ ಕಟ್ಟುವ ಕೆಲಸ ಶುರುವಾಗುತ್ತದೆ. ಇವರು ಇರುವ ಹುಡುಗರನ್ನೇ ತಿದ್ದಬಹುದು ಎಂಬುದು ನನ್ನ ನಿರೀಕ್ಷೆ. ಸುರೇಶ್, ರೋಶನ್, ಶಿವಶಕ್ತಿ ಅವರ ವಯಸ್ಸಿನವರಿಗೆ ದಿನವೂ ಮೈದಾನದಲ್ಲಿ ನಿಂತು ಹೇಳಿಕೊಡುವವರು ಬೇಕು. ಜಮೀಲ್ ಅವರ ಬಗ್ಗೆ ನನಗೂ ಗೌರವವಿದೆ, ಆದರೆ ಅವರ ತಂಡಗಳು ಹಿಂದೆ ನಿಂತು ಕಾಯುವ ಆಟ ಆಡುತ್ತವೆ. ಚೆಂಡನ್ನು ಹಿಂದಿನಿಂದಲೇ ಪಾಸ್ ಮಾಡಿ ಮುಂದೆ ತರುವ ಆಟಕ್ಕೆ ಮರಳುವುದು ಕ್ಲಬ್ಬಿನ ಉದ್ದೇಶವಾಗಿದ್ದರೆ ಹೊಂದಿಕೆಯಾಗದು.

ದಾವಣಗೆರೆ ನೀಲಿ

ಎಲ್ಲರಿಗೂ ವಂದನೆಗಳು. ರೋಕಾ, ಕ್ವಾಡ್ರಾಟ್, ಜರಗೋಜಾ ಎಂಬ ಗುರುಶಿಷ್ಯ ಸರಣಿಯನ್ನು ನಾನು ಈ ಕೋನದಿಂದ ನೋಡಿರಲಿಲ್ಲ. ಆದರೂ ನನ್ನ ಒಲವು ಈಗ ಕಲ್ಲಿನಕೋಟೆಯವರ ಕಡೆಗೇ ಹೆಚ್ಚು. ಒಂದು ತಮಾಷೆ ಎಂದರೆ, ಈ ಋತುವಿನಲ್ಲಿ ಗ್ರೇಸನ್ ಗೆದ್ದ ಆ ಒಂದೇ ಪಂದ್ಯ ಕ್ವಾಡ್ರಾಟ್ ಕೋಚ್ ಆಗಿದ್ದ ಈಸ್ಟ್ ಬೆಂಗಾಲ್ ವಿರುದ್ಧದ್ದು.

ಇಷ್ಟು ದಿನ ಜಿಯೋಸಿನಿಮಾದಲ್ಲೇ ನೋಡುತ್ತಿದ್ದೆ. ಹೊಸ ಕೋಚ್ ಬಂದ ಮೇಲೆ ಕಂಠೀರವಕ್ಕೆ ಒಮ್ಮೆ ಬರಬೇಕೆಂದಿದ್ದೇನೆ. ಎಂಟು ಗಂಟೆಯ ಪಂದ್ಯ ಮುಗಿಸಿ ರಾತ್ರಿಯ ರಾಣಿ ಚೆನ್ನಮ್ಮ ರೈಲು ಹಿಡಿಯಲು ಆಗುತ್ತದೆಯೇ?

ಕಲ್ಲಿನಕೋಟೆ

ಕೊನೆಯ ಸೀಟಿ ಆದ ಕೂಡಲೇ ಹೊರಟರೆ ಆಗುತ್ತದೆ, ಗೇಟಿನ ಬಳಿ ಮಾತಿಗೆ ನಿಂತರೆ ಇಲ್ಲ. ನಾನಂತೂ ಬಸ್ಸನ್ನೇ ನಂಬಿದವನು. ಬರುವುದಾದರೆ ಜನವರಿ ಕಳೆದ ಮೇಲೆ ಬನ್ನಿ ಎಂದು ನನ್ನ ಸಲಹೆ. ಆಟಗಾರರ ಖರೀದಿಗೆ ಜನವರಿಯಲ್ಲಿ ಅವಕಾಶ ತೆರೆಯುತ್ತದೆ. ಒಬ್ಬ ಗಟ್ಟಿ ಡಿಫೆಂಡರನ್ನು ತರುತ್ತಾರೋ ಇಲ್ಲವೋ ನೋಡಿಕೊಂಡು ಟಿಕೆಟ್ ತೆಗೆದುಕೊಳ್ಳಿ.