ಜಾನ್ ಆಗ್ಡನ್ ಅವರ ಪ್ರತಿಭೆಗೆ ಅವರ ಕಾಯಿಲೆಯೇ ಕಾರಣವೇ?

ಪ್ರಶ್ನೆ: ಬಸವನಗುಡಿಯ ಅಕ್ಕ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಬಲ್ಲವರಲ್ಲಿಯೂ ಮನೋವೈದ್ಯಕೀಯ ಕ್ಷೇತ್ರದಲ್ಲಿ ಇರುವವರಲ್ಲಿಯೂ ಒಂದು ವಿಷಯ ಕೇಳಬೇಕಾಗಿದೆ. ನನ್ನ ತಮ್ಮ ಚಿಕ್ಕಂದಿನಿಂದ ಪಿಯಾನೋ ಕಲಿತವನು, ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜಿನ ಎಂಟನೇ ಗ್ರೇಡ್ ಪರೀಕ್ಷೆ ಮುಗಿಸಿದ್ದಾನೆ. ಕಳೆದ ವರ್ಷ ಅವನಿಗೆ ಬೈಪೋಲಾರ್, ಅಂದರೆ ಉನ್ಮಾದವೂ ಖಿನ್ನತೆಯೂ ಸರದಿಯಲ್ಲಿ ಬರುವ ಕಾಯಿಲೆ ಇದೆಯೆಂದು ವೈದ್ಯರು ಗುರುತಿಸಿ ಲಿಥಿಯಂ ಮಾತ್ರೆ ಆರಂಭಿಸಿದರು. ನಿದ್ರೆ, ಊಟ, ಮಾತು ಎಲ್ಲವೂ ಈಗ ಹದಕ್ಕೆ ಬಂದಿವೆ. ಆದರೆ ಬೆರಳು ಸಣ್ಣಗೆ ನಡುಗುತ್ತದೆ, ನುಡಿಸುವಾಗ ಮೊದಲಿನ ಆವೇಶ ಬರುವುದಿಲ್ಲ ಎಂದು ಹೇಳಿ ಮಾತ್ರೆ ಬಿಡುವ ಯೋಚನೆಯಲ್ಲಿದ್ದಾನೆ. ಕಲಾವಿದರೆಂದರೆ ಸ್ವಲ್ಪ ಹುಚ್ಚು ಇರಲೇಬೇಕು, ಅದನ್ನು ಔಷಧಿ ಕೊಟ್ಟು ಅಡಗಿಸಿದರೆ ಕಲೆಯೂ ಅದರೊಂದಿಗೇ ಹೋಗುತ್ತದೆ ಎಂದು ಬಂಧುಗಳೊಬ್ಬರು ಅವನೆದುರಿಗೇ ಹೇಳಿದ ಮಾತು ಅವನ ಮನಸ್ಸಿನಲ್ಲಿ ಬೇರೂರಿಬಿಟ್ಟಿದೆ.

ಈಗ ಅವನು ಹೊತ್ತು ಹೊತ್ತಿಗೂ ಕೇಳುತ್ತಿರುವುದು ಜಾನ್ ಆಗ್ಡನ್ ಎಂಬ ಬ್ರಿಟಿಷ್ ಪಿಯಾನೋ ವಾದಕರ ಧ್ವನಿಮುದ್ರಣಗಳನ್ನು. ಅವರಿಗೂ ಇದೇ ಕಾಯಿಲೆ ಇತ್ತು, ಆದ್ದರಿಂದಲೇ ಅವರು ಹಾಗೆ ನುಡಿಸಬಲ್ಲವರಾಗಿದ್ದರು ಎಂಬುದು ಅವನ ವಾದ. ನಾನು ಸಂಗೀತವನ್ನು ಕೇಳಿ ಸಂತೋಷಪಡುವವಳೇ ಹೊರತು ಅದರ ಒಳಹೊರಗು ತಿಳಿದವಳಲ್ಲ. ಆಗ್ಡನ್ ಅವರ ಬದುಕು ನಿಜವಾಗಿ ಹೇಗಿತ್ತು, ಕಾಯಿಲೆ ಅವರಿಗೆ ಕೊಟ್ಟದ್ದೇನು, ಕಸಿದುಕೊಂಡದ್ದೇನು ಎಂಬುದನ್ನು ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು. ತಮ್ಮನಿಗೂ ಓದಿಸುವ ಉದ್ದೇಶವಿದೆ.

ಉತ್ತರ 1: ಹಳೆಯ ರೆಕಾರ್ಡುಗಳ ಸಂಗ್ರಾಹಕ

ನಿಮ್ಮ ತಮ್ಮ ಕೇಳುತ್ತಿರುವ ಧ್ವನಿಮುದ್ರಣಗಳ ಇಸವಿಯನ್ನು ಮೊದಲು ನೋಡಲು ಹೇಳಿ. ಆಗ್ಡನ್ ಅವರ ಕಾಯಿಲೆ ತೀವ್ರವಾಗಿ ಹೊರಬಿದ್ದದ್ದು 1973ರಲ್ಲಿ, ಅವರಿಗೆ ಮೂವತ್ತಾರು ವರ್ಷವಾಗಿದ್ದಾಗ. ಅವರಿಗೆ ಜಗತ್ತಿನಾದ್ಯಂತ ಹೆಸರು ತಂದುಕೊಟ್ಟ ಕೆಲಸದ ಬಹುಪಾಲು ಅದಕ್ಕೂ ಹಿಂದಿನದು.

ಅವರು ಹುಟ್ಟಿದ್ದು 1937ರ ಜನವರಿಯಲ್ಲಿ, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಷೈರ್‌ನ ಮ್ಯಾನ್ಸ್‌ಫೀಲ್ಡ್ ವುಡ್‌ಹೌಸ್ ಎಂಬ ಊರಿನಲ್ಲಿ. ಮ್ಯಾಂಚೆಸ್ಟರಿನ ಸಂಗೀತ ಕಾಲೇಜಿನಲ್ಲಿ ಅವರ ಜೊತೆಗಿದ್ದವರು ಹ್ಯಾರಿಸನ್ ಬರ್ಟ್‌ವಿಸಲ್, ಪೀಟರ್ ಮ್ಯಾಕ್ಸ್‌ವೆಲ್ ಡೇವಿಸ್, ಅಲೆಕ್ಸಾಂಡರ್ ಗೇರ್ ಮೊದಲಾದವರು; ಮುಂದೆ ಬ್ರಿಟನ್ನಿನ ಹೊಸ ಸಂಗೀತದ ದಿಕ್ಕನ್ನೇ ಬದಲಿಸಿದ ಗುಂಪು ಅದು. ಗೆಳೆಯರು ಬರೆದ ಎಂಥ ಕಠಿಣ ಕೃತಿಯನ್ನೂ ಆಗ್ಡನ್ ನುಡಿಸುತ್ತಿದ್ದರು. ಹಿಂದೆಂದೂ ಕಾಣದ ಸ್ವರಲಿಪಿಯನ್ನು ಮುಂದಿಟ್ಟರೆ ಅಲ್ಲಿಯೇ ಓದಿ ನುಡಿಸಿಬಿಡುವ ಅವರ ಶಕ್ತಿ ಸಹವಾದಕರ ನಡುವೆ ದಂತಕಥೆಯಾಗಿತ್ತು. ಆಮೇಲೆ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋಗಿ ಎಗಾನ್ ಪೆಟ್ರಿ ಅವರಲ್ಲಿ ಕಲಿತರು. ಪೆಟ್ರಿ ಅವರು ಇಟಲಿಯ ಸಂಗೀತಕಾರ, ಪಿಯಾನೋ ವಾದಕ ಬುಸೋನಿಯ ನೇರ ಶಿಷ್ಯರಾದ್ದರಿಂದ, ನಮ್ಮಲ್ಲಿ ಗುರುಪರಂಪರೆ ಎನ್ನುವ ಅರ್ಥದಲ್ಲಿಯೇ ಆಗ್ಡನ್ ಬುಸೋನಿಯ ಮನೆತನಕ್ಕೆ ಸೇರಿದರು ಎನ್ನಬಹುದು. 1962ರಲ್ಲಿ ಮಾಸ್ಕೋದ ಚೈಕೋವ್‌ಸ್ಕಿ ಸ್ಪರ್ಧೆಯಲ್ಲಿ ವ್ಲಾದಿಮಿರ್ ಅಷ್ಕೆನಾಜಿ ಅವರೊಂದಿಗೆ ಮೊದಲ ಬಹುಮಾನ ಹಂಚಿಕೊಂಡಾಗ ಅವರಿಗಿನ್ನೂ ಇಪ್ಪತ್ತೈದು. 1967ರಲ್ಲಿ ಧ್ವನಿಮುದ್ರಿಸಿದ ಬುಸೋನಿಯ ಪಿಯಾನೋ ಕಾನ್ಚೆರ್ಟೊ (ವಾದ್ಯವೃಂದದೊಂದಿಗೆ ಪಿಯಾನೋ ನುಡಿಸುವ ಕೃತಿ) ಐದು ಭಾಗಗಳ, ಕೊನೆಯಲ್ಲಿ ಪುರುಷರ ಮೇಳಗಾಯನವೂ ಸೇರುವ, ಒಂದು ಗಂಟೆಯನ್ನು ಮೀರುವ ದೈತ್ಯ ಕೃತಿ. ಅಂಥದನ್ನು ಅವರು ನುಡಿಸಿದ್ದು ಗಟ್ಟಿಮುಟ್ಟಾದ ದೇಹ ಮತ್ತು ಶಾಂತ ಮನಸ್ಸು ಎರಡೂ ಇದ್ದ ಕಾಲದಲ್ಲಿ. ದೊಡ್ಡ ಮೈಕಟ್ಟು, ಗಡ್ಡ, ದಪ್ಪ ಕನ್ನಡಕ, ಕೇಳಿಸದಷ್ಟು ಮೆಲುದನಿ. ಅವರನ್ನು ಕಂಡವರೆಲ್ಲ ನೆನೆಯುವುದು ಅವರ ಸೌಮ್ಯ ಸ್ವಭಾವವನ್ನು.

ಕಾಯಿಲೆಯ ನೆರಳು ಮನೆಯಲ್ಲಿ ಮೊದಲೇ ಇತ್ತೆಂಬುದನ್ನೂ ಹೇಳಬೇಕು. ಅವರ ತಂದೆಯವರು ಶಿಕ್ಷಕರಾಗಿದ್ದವರು. ಮಗ ಚಿಕ್ಕವನಿದ್ದಾಗಲೇ ತೀವ್ರ ಮನೋರೋಗಕ್ಕೆ ತುತ್ತಾಗಿ ಆಸ್ಪತ್ರೆ ಸೇರಿದ್ದರು, ಆ ಅನುಭವವನ್ನು ಪುಸ್ತಕವಾಗಿಯೂ ಬರೆದರು. 1973ರ ನಂತರ ಮಗನ ಪಾಲಿಗೂ ಆಸ್ಪತ್ರೆ ಬಂತು. ಅವರು ಆತ್ಮಹತ್ಯೆಗೆ ಪ್ರಯತ್ನಿಸಿದ್ದುಂಟು. ದಕ್ಷಿಣ ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ ದೀರ್ಘಕಾಲ ಒಳರೋಗಿಯಾಗಿದ್ದರು. ವರ್ಷವಿಡೀ ದೇಶದಿಂದ ದೇಶಕ್ಕೆ ಹೋಗಿ ಕಛೇರಿ ಕೊಡುತ್ತಿದ್ದವರಿಗೆ ಪ್ರವಾಸದಲ್ಲಿ ಬೇಕಾದ ಆರೈಕೆ ಸಿಗುವಂತಿರಲಿಲ್ಲ, ಹಾಗಾಗಿ ಆ ಜೀವನಕ್ರಮವೇ ನಿಂತುಹೋಯಿತು. ಆದರೂ ಅವರು ಆಸ್ಪತ್ರೆಯಲ್ಲಿದ್ದ ಪಿಯಾನೋದ ಮುಂದೆ ಕುಳಿತು ದಿನಕ್ಕೆ ಮೂರು ಗಂಟೆಯಷ್ಟು ಅಭ್ಯಾಸ ಮಾಡುತ್ತಿದ್ದರೆಂದು ದಾಖಲಾಗಿದೆ. ನನ್ನ ಮಟ್ಟಿಗೆ ಅವರ ಇಡೀ ಬದುಕಿನಲ್ಲಿ ಇದಕ್ಕಿಂತ ದೊಡ್ಡ ಸಂಗತಿ ಇಲ್ಲ. ಆ ಮೂರು ಗಂಟೆಗಳನ್ನು ಕಾಯಿಲೆ ಅವರಿಗೆ ಕೊಟ್ಟದ್ದಲ್ಲ, ಕಾಯಿಲೆ ಅವರಿಂದ ಕಿತ್ತುಕೊಳ್ಳಲು ಆಗದೆ ಉಳಿದದ್ದು.

1970ರ ದಶಕದ ಕೊನೆಯಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು, 1980ರ ದಶಕದಲ್ಲಿ ಲಂಡನ್ನಿನ ವೇದಿಕೆಗಳಿಗೆ ಮರಳಿದರು. ತಮ್ಮನವರು ಬಹುಶಃ ಮುಂದಿಡುವ ಸಾಕ್ಷಿ ಸೊರಾಬ್ಜಿ ಧ್ವನಿಮುದ್ರಣ. ಕೈಖುಸ್ರು ಶಾಪುರ್ಜಿ ಸೊರಾಬ್ಜಿ ಅವರು ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದ ಸಂಗೀತಕಾರರು. ಅವರ ತಂದೆ ಮುಂಬಯಿ ಮೂಲದ ಪಾರ್ಸಿ. 1930ರಲ್ಲಿ ಮುಗಿದ ಅವರ 'ಒಪಸ್ ಕ್ಲಾವಿಚೆಂಬಲಿಸ್ಟಿಕಮ್' ನಾಲ್ಕು ಗಂಟೆಗೂ ಹೆಚ್ಚು ಕಾಲ ಒಬ್ಬರೇ ನುಡಿಸಬೇಕಾದ ಕೃತಿ. ಅದನ್ನು ಆಗ್ಡನ್ 1988ರಲ್ಲಿ ವೇದಿಕೆಯ ಮೇಲೂ ನುಡಿಸಿದರು, ಐದು ಡಿಸ್ಕುಗಳ ಧ್ವನಿಮುದ್ರಣವನ್ನೂ ಬಿಟ್ಟುಹೋದರು. ಆದರೆ ಇದು ಕಾಯಿಲೆಯ ಆವೇಶದಲ್ಲಿ ಹುಟ್ಟಿದ ಸಾಹಸವಲ್ಲ. ಬುಸೋನಿಯ ದಾರಿಯಲ್ಲಿಯೇ ಬರೆದ ಆ ಕೃತಿ ಅವರಿಗೆ ತಾರುಣ್ಯದಿಂದಲೇ ಪರಿಚಿತವಾಗಿತ್ತು. ಹರೆಯದಲ್ಲಿ ಹಿಡಿದ ಗೀಳನ್ನು ಕಾಯಿಲೆಯ ಹದಿನೈದು ವರ್ಷಗಳನ್ನು ದಾಟಿಸಿ ತಂದು ಪೂರೈಸಿದರು. ಮರುವರ್ಷ, 1989ರ ಆಗಸ್ಟ್ 1ರಂದು, ಐವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡರು.

ಉತ್ತರ 2: ಮನೋವೈದ್ಯಕೀಯ ವಾರ್ಡಿನಲ್ಲಿ ಕೆಲಸ ಮಾಡಿದವಳು

ಮೇಲಿನ ಉತ್ತರ ನಿಂತಲ್ಲಿಂದಲೇ ಮುಂದುವರಿಸುತ್ತೇನೆ, ಏಕೆಂದರೆ ಆಗ್ಡನ್ ಅವರ ಸಾವಿನ ಕಾರಣ ನಿಮ್ಮ ಮನೆಗೆ ನೇರವಾಗಿ ಸಂಬಂಧಿಸಿದ್ದು. ಅವರು ತೀರಿಕೊಂಡದ್ದು ನ್ಯುಮೋನಿಯಾದಿಂದ, ಅದಕ್ಕೆ ದಾರಿ ಮಾಡಿಕೊಟ್ಟದ್ದು ಯಾರೂ ಪತ್ತೆ ಹಚ್ಚದೆ ಉಳಿದಿದ್ದ ಸಕ್ಕರೆ ಕಾಯಿಲೆ. ಹದಿನಾರು ವರ್ಷಗಳ ಕಾಲ ಅವರ ಮನಸ್ಸಿನ ಬಗ್ಗೆ ಎಷ್ಟೋ ಜನ ತಲೆ ಕೆಡಿಸಿಕೊಂಡಿದ್ದರೂ ರಕ್ತದಲ್ಲಿ ಏರಿದ್ದ ಸಕ್ಕರೆ ಯಾರ ಗಮನಕ್ಕೂ ಬರಲಿಲ್ಲ. ಇದು ಅವರೊಬ್ಬರ ದುರದೃಷ್ಟವಲ್ಲ. ತೀವ್ರ ಮನೋರೋಗವಿರುವವರು ಇತರರಿಗಿಂತ ಹತ್ತರಿಂದ ಇಪ್ಪತ್ತು ವರ್ಷ ಮೊದಲೇ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅದರಲ್ಲಿ ಬಹುಪಾಲು ಸಾವುಗಳಿಗೆ ಕಾರಣ ಹೃದಯ, ಸಕ್ಕರೆ, ಶ್ವಾಸಕೋಶಗಳಂಥ ದೈಹಿಕ ಕಾಯಿಲೆಗಳು. ರೋಗಿ ಬಾಯಾರಿಕೆ ಎಂದರೆ, ಸುಸ್ತು ಎಂದರೆ, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ ಎಂದರೆ, ಮಾತ್ರೆಯಿಂದಿರಬೇಕು ಎಂದು ಮನೆಯವರೂ ಕೆಲವೊಮ್ಮೆ ವೈದ್ಯರೂ ಸುಮ್ಮನಾಗುತ್ತಾರೆ. ಲಿಥಿಯಂನಿಂದ ಬಾಯಾರಿಕೆ ಆಗುವುದು ನಿಜ. ಹಾಗೆಂದೇ ಸಕ್ಕರೆ ಕಾಯಿಲೆ ಅದರ ಮರೆಯಲ್ಲಿ ಅಡಗಿರುವುದಕ್ಕೆ ಅವಕಾಶ ಹೆಚ್ಚು.

ರೋಗನಿರ್ಣಯದ ವಿಷಯ. ಆಗ್ಡನ್ ಅವರಿಗೆ ಮೊದಲು ಸ್ಕಿಜೋಫ್ರೇನಿಯಾ (ಭ್ರಮೆಗಳು ಕಾಡುವ ಮನೋರೋಗ) ಇರಬಹುದೆಂದು ಹೇಳಿ, ಆಮೇಲೆ ಅದನ್ನು ಉನ್ಮಾದ-ಖಿನ್ನತೆ, ಅಂದರೆ ಇಂದು ಬೈಪೋಲಾರ್ ಎನ್ನುವ ಕಾಯಿಲೆ ಎಂದು ಬದಲಿಸಿದರು. ಆ ಕಾಲದಲ್ಲಿ ಇಂಥ ಗೊಂದಲ ಅಪರೂಪವಾಗಿರಲಿಲ್ಲ. ನ್ಯೂಯಾರ್ಕ್ ಮತ್ತು ಲಂಡನ್ ಆಸ್ಪತ್ರೆಗಳ ರೋಗಿಗಳನ್ನು ಒಂದೇ ಮಾನದಂಡದಿಂದ ಪರೀಕ್ಷಿಸಿದ ಸುಪ್ರಸಿದ್ಧ ಅಧ್ಯಯನವೊಂದು, ಅಮೆರಿಕದ ವೈದ್ಯರು ಸ್ಕಿಜೋಫ್ರೇನಿಯಾ ಎಂದು ಬರೆಯುತ್ತಿದ್ದ ಅನೇಕರಿಗೆ ಲಂಡನ್ನಿನವರು ಉನ್ಮಾದ-ಖಿನ್ನತೆ ಎಂದು ಬರೆಯುತ್ತಿದ್ದರೆಂದು 1970ರ ದಶಕದ ಆರಂಭದಲ್ಲಿ ತೋರಿಸಿತ್ತು. ಹೆಸರು ಬದಲಾದರೆ ಔಷಧಿಯೂ ಬದಲಾಗುತ್ತದೆ. ನಿಮ್ಮ ತಮ್ಮನಿಗೆ ಸರಿಯಾದ ಹೆಸರು ಬೇಗ ಸಿಕ್ಕಿದೆ, ಮಾತ್ರೆ ಹಿಡಿಸಿದೆ. ಇದು ಸಣ್ಣ ವಿಷಯವಲ್ಲ.

ಔಷಧಿಯಿಂದ ಕಲೆ ಹೋಗುತ್ತದೆಯೇ ಎಂಬ ಪ್ರಶ್ನೆಯನ್ನು ಡೆನ್ಮಾರ್ಕಿನ ಮನೋವೈದ್ಯ ಮೊಗೆನ್ಸ್ ಶೌ ನೇರವಾಗಿ ಕಲಾವಿದರನ್ನೇ ಕೇಳಿದ್ದರು. ಲಿಥಿಯಂ ಸೇವಿಸುತ್ತಿದ್ದ 24 ಕಲಾವಿದರಲ್ಲಿ 12 ಮಂದಿ ತಮ್ಮ ಸೃಜನಶೀಲ ಕೆಲಸ ಹೆಚ್ಚಿತೆಂದೂ 6 ಮಂದಿ ಬದಲಾವಣೆ ಇಲ್ಲವೆಂದೂ 6 ಮಂದಿ ಕಡಿಮೆಯಾಯಿತೆಂದೂ ಹೇಳಿದರು. 1979ರಲ್ಲಿ ಅದು ಪ್ರಕಟವಾಯಿತು. ಚಿಕ್ಕ ಸಂಖ್ಯೆ, ಒಪ್ಪುತ್ತೇನೆ. ಆದರೂ ಆ ಕೊನೆಯ ಆರು ಮಂದಿಯನ್ನು ಮರೆಯಬಾರದು. ನಿಮ್ಮ ತಮ್ಮನ ದೂರನ್ನು ನೆಪವೆಂದು ತಳ್ಳಿಹಾಕಬೇಡಿ. ಲಿಥಿಯಂನಿಂದ ಕೈ ಸಣ್ಣಗೆ ನಡುಗುವುದುಂಟು, ಅದಕ್ಕೆ ಪರಿಹಾರವೂ ಉಂಟು: ರಕ್ತದಲ್ಲಿ ಲಿಥಿಯಂ ಮಟ್ಟ ನೋಡಿ ಪ್ರಮಾಣ ಇಳಿಸುವುದು, ಸೇವಿಸುವ ಹೊತ್ತು ಬದಲಿಸುವುದು, ಬೇಕಾದರೆ ನಡುಕಕ್ಕೆಂದೇ ಇನ್ನೊಂದು ಮಾತ್ರೆ ಸೇರಿಸುವುದು. ಅವನ ಬದುಕು ಬೆರಳುಗಳ ಮೇಲೆ ನಿಂತಿದೆ ಎಂಬುದನ್ನು ವೈದ್ಯರಿಗೆ ಬಿಡಿಸಿ ಹೇಳಿ. ಗುಮಾಸ್ತೆಯೊಬ್ಬರ ಕೈ ನಡುಗುವುದಕ್ಕೂ ಪಿಯಾನೋ ವಾದಕರ ಕೈ ನಡುಗುವುದಕ್ಕೂ ವ್ಯತ್ಯಾಸವಿದೆಯೆಂದು ಅವರಿಗೆ ಅರ್ಥವಾಗುತ್ತದೆ. ತಾನಾಗಿಯೇ ಥಟ್ಟನೆ ನಿಲ್ಲಿಸಿದರೆ ಮಾತ್ರ ಕಾಯಿಲೆ ಮರುಕಳಿಸುವ ಸಂಭವ ಬಹಳ, ಆತ್ಮಹತ್ಯೆಯ ಅಪಾಯವೂ ಏರುತ್ತದೆ. ರಾತ್ರಿ ಹೊತ್ತಿನಲ್ಲಿ ದಿಕ್ಕು ತೋಚದಂತಾದರೆ ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡುತ್ತಾರೆ.

ಉತ್ತರ 3: ಮೈಸೂರಿನ ಪಿಯಾನೋ ಶಿಕ್ಷಕಿ

ಆವೇಶದ ಬಗ್ಗೆ ಒಂದು ಮಾತು. ಉನ್ಮಾದದ ದಿನಗಳಲ್ಲಿ ನುಡಿಸುವವರಿಗೆ ತಮ್ಮ ವಾದನ ಅದ್ಭುತವಾಗಿದೆ ಎನಿಸುತ್ತದೆ. ಕೇಳುವವರಿಗೆ ಹಾಗೆನಿಸಬೇಕೆಂದಿಲ್ಲ: ಲಯ ಓಡುತ್ತದೆ, ಎಡಗೈಯ ಸ್ವರಗಳು ನುಂಗಿಹೋಗುತ್ತವೆ, ಮೆಲುವಾಗಿ ಬರಬೇಕಾದದ್ದು ಗಟ್ಟಿಯಾಗುತ್ತದೆ. ಅವನ ಬಳಿ ಆಗಿನ ಧ್ವನಿಮುದ್ರಣವಿದ್ದರೆ ಈಗಿನದರ ಪಕ್ಕದಲ್ಲಿಟ್ಟು ಅವನ ಗುರುಗಳೊಂದಿಗೆ ಕುಳಿತು ಕೇಳಲಿ. ಆದರೆ ಅವನನ್ನು ಸೋಲಿಸಲು ಇದನ್ನು ಬಳಸಬೇಡಿ, ಅವನೇ ಕೇಳಿ ನಿರ್ಧರಿಸಲಿ.

ಆಗ್ಡನ್ ಅವರ ಕೊನೆಯ ವರ್ಷಗಳ ವಾದನ ಏಕರೂಪವಾಗಿರಲಿಲ್ಲ. ಕೆಲವು ಸಂಜೆ ಹಳೆಯ ಆಗ್ಡನ್ ಪೂರ್ತಿಯಾಗಿ ಎದುರಿಗಿರುತ್ತಿದ್ದರು, ಕೆಲವು ಸಂಜೆ ಬೆರಳುಗಳು ಮನಸ್ಸಿನ ಮಾತು ಕೇಳುತ್ತಿರಲಿಲ್ಲ. ಪ್ರೀತಿಯಿಂದ ಕೇಳುವವರು ಎರಡನ್ನೂ ಒಪ್ಪಿಕೊಳ್ಳಬೇಕು. ಕಾಯಿಲೆಯೇ ಅವರನ್ನು ದೊಡ್ಡವರನ್ನಾಗಿಸಿತು ಎನ್ನುವವರು, 1962ರ ಹಿಂದಿನ ಸಾವಿರಾರು ಗಂಟೆಗಳ ದುಡಿಮೆಯನ್ನು ಅವರಿಂದ ಕಸಿದು ಕಾಯಿಲೆಯ ಹೆಸರಿಗೆ ಬರೆದುಕೊಡುತ್ತಿದ್ದಾರೆ. ಶಿಕ್ಷಕಿಯಾಗಿ ನನಗೆ ಇದು ಸಹಿಸಲಾಗದ ಅನ್ಯಾಯವೆನಿಸುತ್ತದೆ.

ನಡುಕ ಹಿಡಿತಕ್ಕೆ ಬರುವವರೆಗೆ ಅವನಿಗೆ ಮೆಲ್ಲಗಿನ, ತೀರ ಮೃದುವಾಗಿ ಒತ್ತಬೇಕಾದ ಕೃತಿಗಳನ್ನು ಕೊಡದಿರಲು ಗುರುಗಳಿಗೆ ಹೇಳಿ. ನಡುಕ ಹೆಚ್ಚು ಕಾಣುವುದು ಅಲ್ಲಿಯೇ. ಬಾಖ್ ಅವರ ಇನ್ವೆನ್ಷನ್‌ಗಳು, ಅಂದರೆ ಎರಡು ಧಾರೆಯ ಚಿಕ್ಕ ಕೃತಿಗಳು, ಈ ಹೊತ್ತಿಗೆ ಒಳ್ಳೆಯವು.

ಬಸವನಗುಡಿಯ ಅಕ್ಕ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಮೂರೂ ಉತ್ತರಗಳನ್ನು ತಮ್ಮ ಓದಿದ. 1973 ಎಂಬ ಇಸವಿಯ ಮುಂದೆ ಬಹಳ ಹೊತ್ತು ಸುಮ್ಮನಿದ್ದ, ಆಮೇಲೆ ಬುಸೋನಿಯ ರೆಕಾರ್ಡು ಹುಡುಕಿ ಹಾಕಿದ. ಸೋಮವಾರ ವೈದ್ಯರನ್ನು ಕಾಣುತ್ತಿದ್ದೇವೆ. ನಡುಕದ ವಿಷಯವನ್ನು ತಾನೇ ಹೇಳುವುದಾಗಿ ಒಪ್ಪಿದ್ದಾನೆ, ಲಿಥಿಯಂ ಮಟ್ಟದ ಜೊತೆಗೆ ಸಕ್ಕರೆಯ ಪರೀಕ್ಷೆಯನ್ನೂ ನಾನು ಕೇಳುತ್ತೇನೆ. ಈ ನಡುವೆ ಅವನದೊಂದು ಪ್ರಶ್ನೆ: ಸೊರಾಬ್ಜಿ ಅವರ ಅಷ್ಟು ದೀರ್ಘ ಕೃತಿಯನ್ನು ಎಲ್ಲಿಂದ ಕೇಳಲು ಆರಂಭಿಸಬೇಕು?

ಹಳೆಯ ರೆಕಾರ್ಡುಗಳ ಸಂಗ್ರಾಹಕ

ಮೊದಲಿನಿಂದ ಬೇಡ. ಮೂರನೆಯ ಭಾಗದಲ್ಲಿ ಒಂದು ನಿಧಾನಗತಿಯ ಖಂಡವೂ ಅದರ ಬೆನ್ನಿಗೇ ಒಂದೇ ವಿಷಯದ ಮೇಲೆ ಕಟ್ಟಿದ 81 ರೂಪಾಂತರಗಳ ಪಸಕಾಲ್ಯಾವೂ ಬರುತ್ತವೆ. ಅಲ್ಲಿಂದ ಆರಂಭಿಸಲಿ. ವಿಷಯ ಕಿವಿಯಲ್ಲಿ ನಿಂತ ಮೇಲೆ ಮುಂದಿನ ರೂಪಾಂತರಗಳನ್ನು ಹಿಂಬಾಲಿಸುವುದು ಕಷ್ಟವಲ್ಲ. ಒಂದೇ ವಿಷಯವನ್ನು ಹಲವು ಧಾರೆಗಳು ಒಂದರ ಬೆನ್ನಿಗೊಂದು ಎತ್ತಿಕೊಳ್ಳುವ ಫ್ಯೂಗ್‌ಗಳಿಗೆ ಆಮೇಲೆ ಹೋಗಬಹುದು. ಸೋಮವಾರ ವೈದ್ಯರು ಏನು ಹೇಳಿದರೆಂದು ಅನುಕೂಲವಾದಾಗ ಒಂದು ಸಾಲು ಬರೆಯಿರಿ.