ದೊಡ್ಡಮ್ಮ, ಇಂಜೆಕ್ಷನ್‌ಗೆ ಹೂಂ ಅನ್ನುವ ಮೊದಲು ಇದನ್ನು ಕೇಳಿ

ದೊಡ್ಡಮ್ಮ, ಮನೆಯವರ ಗ್ರೂಪಿನಲ್ಲಿ ನಿಮ್ಮ ಮೆಸೇಜ್ ಬೆಳಿಗ್ಗೆನೇ ನೋಡಿದೆ. ಎರಡು ಸಾಲಿನಲ್ಲಿ ಉತ್ತರ ಕೊಡುವ ವಿಷಯ ಅಲ್ಲ ಇದು. ಅದಕ್ಕೇ ಕೆಲಸ ಎಲ್ಲ ಮುಗಿಸಿ, ಕೂತು ಹೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಬಿಡುವಾದಾಗ ಕೇಳಿ.

ಮೂಳೆ ಎಷ್ಟು ಗಟ್ಟಿ ಇದೆ ಅಂತ ನೋಡುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಸೊಂಟದ ಟಿ-ಸ್ಕೋರ್ ಮೈನಸ್ 2.8 ಬಂದಿದೆ ಅಂದಿರಿ. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಹೋದರೆ ಆಸ್ಟಿಯೋಪೊರೋಸಿಸ್ ಅನ್ನುತ್ತಾರೆ, ಅಂದರೆ ಮೂಳೆ ಒಳಗೊಳಗೇ ಟೊಳ್ಳಾಗಿದೆ. ಹೋದ ವರ್ಷ ನಿಂತಲ್ಲೇ ಬಿದ್ದು ಮಣಿಕಟ್ಟು ಬೇರೆ ಮುರಿದಿತ್ತು ನಿಮಗೆ. ಹಾಗಾಗಿ ಔಷಧಿ ಬೇಕು ಅಂತ ಡಾಕ್ಟರ್ ಹೇಳಿದ್ದು ಸರಿಯಾಗೇ ಇದೆ. ಅವರು ಮೂರು ದಾರಿ ಕೊಟ್ಟಿದ್ದಾರೆ: ವಾರಕ್ಕೊಂದು ಮಾತ್ರೆ, ವರ್ಷಕ್ಕೊಂದು ಡ್ರಿಪ್, ಆರು ತಿಂಗಳಿಗೊಂದು ಡೆನೊಸುಮಾಬ್ ಇಂಜೆಕ್ಷನ್. ನಿಮಗೆ ಇಂಜೆಕ್ಷನ್ನೇ ಸುಲಭ ಅನ್ನಿಸಿದೆ. ಮಾವ ನೋಡಿದರೆ, ಇವೆಲ್ಲ ದವಡೆ ಕೊಳೆಸುವ ಔಷಧಿಗಳು, ಕ್ಯಾಲ್ಸಿಯಂ, ವಿಟಮಿನ್ ಡಿ, ವಿಟಮಿನ್ ಕೆ2, ಕೊಲಾಜೆನ್ ತಗೊಂಡರೆ ಸಾಕು ಅಂತ ಬರೆದಿದ್ದಾರೆ.

ಮೊದಲು ಇಂಜೆಕ್ಷನ್ ವಿಷಯ. ನಮ್ಮ ಅತ್ತೆಯವರ ಬೆನ್ನುಮೂಳೆ ಮುರಿದಿದ್ದು ನಿಮಗೆಲ್ಲ ಗೊತ್ತು. ಯಾಕೆ ಮುರಿಯಿತು ಅಂತ ನಾನು ಯಾರಿಗೂ ಬಿಡಿಸಿ ಹೇಳಿರಲಿಲ್ಲ. ಅವರಿಗೂ ಇದೇ ಡೆನೊಸುಮಾಬ್ ಕೊಡುತ್ತಿದ್ದರು, 60 ಮಿಲಿಗ್ರಾಂ, ಆರು ತಿಂಗಳಿಗೊಮ್ಮೆ ಚರ್ಮದ ಕೆಳಗೆ. ಐದು ಡೋಸ್ ಆಯಿತು. ಸ್ಕ್ಯಾನ್ ಮಾಡಿಸಿದರೆ ಸ್ಕೋರ್ ಚೆನ್ನಾಗಿ ಏರಿತ್ತು. ಮೂಳೆ ಗಟ್ಟಿ ಆಯಿತಲ್ಲ, ಸ್ವಲ್ಪ ದಿನ ಬಿಟ್ಟು ನೋಡೋಣ ಅಂತ ನಾವೇ ತೀರ್ಮಾನ ಮಾಡಿಬಿಟ್ಟೆವು. ಯಾರನ್ನೂ ಕೇಳಲಿಲ್ಲ. ಕೊನೇ ಇಂಜೆಕ್ಷನ್ ಆಗಿ ಹನ್ನೊಂದನೇ ತಿಂಗಳು ನಡೆಯುತ್ತಿತ್ತು. ಅವರು ಬೀಳಲಿಲ್ಲ, ಜಾರಲೂ ಇಲ್ಲ. ಅರ್ಧ ಬಕೆಟ್ ನೀರು ಎತ್ತಿ ಪಕ್ಕಕ್ಕೆ ಇಟ್ಟರು, ಅಷ್ಟೇ. ಬೆನ್ನಲ್ಲಿ ಏನೋ ಚಳಕ್ ಅಂತು ಅಂದರು. ಎರಡು ದಿನ ಉಳುಕು ಅಂದುಕೊಂಡು ಮುಲಾಮು ಹಚ್ಚಿದೆವು. ಆಮೇಲೆ ಎಕ್ಸ್‌ರೇ ತೆಗೆಸಿದರೆ ಬೆನ್ನಿನ ಎರಡು ಮಣಿ ಕುಸಿದು ಕೂತಿದ್ದವು.

ಎದ್ದು ಓಡಾಡುವ ಹಾಗಾದ ಮೇಲೆ ಒಂದು ದಿನ ಅಡುಗೆಮನೆಯಲ್ಲಿ ಮೇಲಿನ ಸಾಲಿನ ಡಬ್ಬಿಗೆ ಕೈ ಚಾಚಿದರು. ವರ್ಷಗಟ್ಟಲೆ ಅವರೇ ಇಳಿಸುತ್ತಿದ್ದ ಡಬ್ಬಿ. ಬೆರಳ ತುದಿ ಮುಟ್ಟಿತು, ಹಿಡಿಯೋಕೆ ಎಟುಕಲಿಲ್ಲ. ಮತ್ತೆ ಹಿಮ್ಮಡಿ ಎತ್ತಿ ನೋಡಿದರು. ಆಮೇಲೆ ತಿರುಗಿ ನನ್ನ ಮುಖ ನೋಡಿದರು. ಕುಳ್ಳಗಾಗಿದ್ದಾರೆ ಅಂತ ಇಬ್ಬರಿಗೂ ಅವತ್ತೇ ಗೊತ್ತಾಗಿದ್ದು. ಆ ನೋಟ ನೆನೆಸಿಕೊಂಡರೆ ನನಗೆ ಇವತ್ತಿಗೂ ಸಂಕಟ ಆಗುತ್ತದೆ.

ಇಂಜೆಕ್ಷನ್ ಕೆಟ್ಟದ್ದು ಅಂತ ಹೇಳುತ್ತಿಲ್ಲ ದೊಡ್ಡಮ್ಮ. ಅದು ಒಳ್ಳೆ ಕೆಲಸ ಮಾಡುತ್ತದೆ, ಕಿಡ್ನಿ ಸುಸ್ತಾದವರಿಗೂ ಕೊಡಲು ಬರುತ್ತದೆ, ಆದರೆ ಅಂಥವರಲ್ಲಿ ರಕ್ತದ ಕ್ಯಾಲ್ಸಿಯಂ ತುಂಬಾ ಇಳಿದುಬಿಡಬಹುದು, ಪರೀಕ್ಷೆ ಮಾಡಿಸುತ್ತಲೇ ಇರಬೇಕು. ನಮ್ಮ ಮೂಳೆಯಲ್ಲಿ ಹಳೆಯದನ್ನು ಕೆರೆದು ತೆಗೆಯುವ ಜೀವಕೋಶ ಬೇರೆ, ಹೊಸದನ್ನು ತುಂಬುವ ಜೀವಕೋಶ ಬೇರೆ. ವಯಸ್ಸಾದ ಹಾಗೆ ಕೆರೆಯುವುದು ಜಾಸ್ತಿ, ತುಂಬುವುದು ಕಮ್ಮಿ. ಈ ಇಂಜೆಕ್ಷನ್ ಕೆರೆಯುವ ಕೋಶಗಳು ಹುಟ್ಟದ ಹಾಗೆ ತಡೆ ಹಾಕುತ್ತದೆ. ಆದರೆ ಅದರ ಶಕ್ತಿ ಇರುವುದು ಆರು ತಿಂಗಳು. ಮುಂದಿನ ಡೋಸ್ ಬೀಳದಿದ್ದರೆ, ತಡೆದು ನಿಲ್ಲಿಸಿದ್ದೆಲ್ಲ ಕಟ್ಟೆ ಒಡೆದ ಹಾಗೆ ಒಂದೇ ಸಲ ಶುರುವಾಗುತ್ತದೆ. ಗಳಿಸಿದ್ದು ಹೋಗುತ್ತದೆ, ಕೆಲವರಿಗೆ ಬೆನ್ನಿನ ಮಣಿಗಳು ಒಂದರ ಮೇಲೊಂದು ಮುರಿಯುತ್ತವೆ. ಅದಕ್ಕೇ ಇದನ್ನು ಸುಮ್ನೆ ನಿಲ್ಲಿಸುವ ಹಾಗಿಲ್ಲ. ನಿಲ್ಲಿಸಬೇಕಾದರೆ ಮುಂದಿನ ಡೋಸಿನ ಹೊತ್ತಿಗೆ ಬೇರೆ ಔಷಧಿ, ಜಾಸ್ತಿ ಸಲ ಆ ಡ್ರಿಪ್ಪೇ, ಅದರ ಜಾಗಕ್ಕೆ ಬರಬೇಕು. ಹಾಗಾಗಿ ನೀವು ಡಾಕ್ಟರ್ ಹತ್ತಿರ ಕೇಳಬೇಕಾದ ಮೊದಲ ಪ್ರಶ್ನೆ: ಇದನ್ನು ಎಷ್ಟು ವರ್ಷ ತಗೋಬೇಕು, ನಿಲ್ಲಿಸಿದ ಮೇಲೆ ಏನು? ಪ್ರತಿ ಆರು ತಿಂಗಳಿಗೆ ತಪ್ಪದೆ ನಿಮ್ಮನ್ನು ಕರೆದುಕೊಂಡು ಹೋಗುವವರು ಯಾರು ಅನ್ನುವುದನ್ನೂ ಮನೆಯಲ್ಲಿ ಈಗಲೇ ಮಾತಾಡಿಕೊಳ್ಳಿ.

ಮಾತ್ರೆ ಮತ್ತು ಡ್ರಿಪ್ ಇನ್ನೊಂದು ಜಾತಿ, ಬಿಸ್‌ಫಾಸ್ಫೋನೇಟ್ ಅಂತ. ಇವು ಮೂಳೆಗೇ ಅಂಟಿಕೊಂಡು ವರ್ಷಗಟ್ಟಲೆ ಒಳಗೆ ಉಳಿಯುತ್ತವೆ. ಅದಕ್ಕೇ ಮಾತ್ರೆಯಾದರೆ ಸುಮಾರು ಐದು ವರ್ಷ, ಡ್ರಿಪ್ ಆದರೆ ಸುಮಾರು ಮೂರು ವರ್ಷ ಆದ ಮೇಲೆ, ಮೂಳೆ ಮುರಿಯುವ ಅಪಾಯ ತುಂಬಾ ಇಲ್ಲದವರಿಗೆ ಡಾಕ್ಟರ್ ಸ್ವಲ್ಪ ಕಾಲ ಔಷಧಿಗೆ ರಜೆ ಕೊಡಬಹುದು.

ಮಾತ್ರೆ ಅಲೆಂಡ್ರೊನೇಟ್, 70 ಮಿಲಿಗ್ರಾಂ. ನುಂಗುವ ಕ್ರಮ ಕಟ್ಟುನಿಟ್ಟು. ಬೆಳಿಗ್ಗೆ ಎದ್ದು ಬರೀ ಹೊಟ್ಟೆಯಲ್ಲಿ, ಒಂದು ದೊಡ್ಡ ಲೋಟ ಬರೀ ನೀರಿನಲ್ಲಿ. ಕಾಫಿ ಬೇಡ, ಹಾಲು ಬೇಡ, ಬೇರೆ ಮಾತ್ರೆ ಯಾವುದೂ ಬೇಡ. ಅರ್ಧ ಗಂಟೆ ಏನೂ ತಿನ್ನುವ ಹಾಗಿಲ್ಲ, ಮಲಗುವ ಹಾಗೂ ಇಲ್ಲ, ನೆಟ್ಟಗೆ ಕೂತಿರಬೇಕು ಅಥವಾ ಓಡಾಡಬೇಕು. ಇಷ್ಟೆಲ್ಲ ಮಾಡಿದರೂ ಮೈಗೆ ಸೇರುವುದು ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಕಾಫಿ ಜೊತೆ ತಗೊಂಡರೆ ಅದೂ ಇಲ್ಲ. ಅನ್ನನಾಳಕ್ಕೆ ತಾಗಿದರೆ ಸುಡುತ್ತದೆ. ನಿಮಗೆ ಮೊದಲೇ ಎದೆ ಉರಿ, ರಾತ್ರಿ ಹುಳಿ ನೀರು ಬಾಯಿಗೆ ಬರುತ್ತದೆ ಅಂತೀರಿ. ಈ ಮಾತನ್ನು ಡಾಕ್ಟರಿಗೆ ಹೇಳಿದ್ದೀರಾ? ಹೇಳದಿದ್ದರೆ ತಪ್ಪದೆ ಹೇಳಿ. ನನ್ನ ಮನಸ್ಸಿಗೆ ಮಾತ್ರೆ ನಿಮಗೆ ಹೊಂದುವುದಿಲ್ಲ.

ನಾನು ನಿಮ್ಮ ಜಾಗದಲ್ಲಿದ್ದರೆ ಡ್ರಿಪ್ ಬಗ್ಗೆ ಮೊದಲು ಕೇಳುತ್ತಿದ್ದೆ. ಜೊಲೆಡ್ರೊನಿಕ್ ಆಸಿಡ್, 5 ಮಿಲಿಗ್ರಾಂ, ವರ್ಷಕ್ಕೆ ಒಂದೇ ಸಲ. 2007ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ, ಮೂರು ವರ್ಷದಲ್ಲಿ ಬೆನ್ನುಮೂಳೆ ಮುರಿತ 70%, ಸೊಂಟದ ಮುರಿತ 41% ಕಡಿಮೆಯಾಗಿತ್ತು. ಹೊಟ್ಟೆಯ ರಗಳೆ ಇಲ್ಲ, ಮರೆಯುವ ಭಯ ಇಲ್ಲ. ಅತ್ತೆಯವರಿಗೆ ಮುರಿದ ಮೇಲೆ ಇದನ್ನೇ ಕೊಟ್ಟರು. ಮೊದಲ ಸಲ ಅವತ್ತು ರಾತ್ರಿ ಜ್ವರ, ಮೈಕೈ ನೋವು, ಫ್ಲೂ ಬಂದ ಹಾಗೆ ಎರಡು ದಿನ. ನಾವು ಹೆದರಿಬಿಟ್ಟಿದ್ದೆವು, ಆದರೆ ಮೊದಲ ಡೋಸಿಗೆ ಅದು ಎಷ್ಟೋ ಜನರಿಗೆ ಆಗುತ್ತದಂತೆ, ಪ್ಯಾರಾಸಿಟಮಾಲ್‌ಗೆ ಇಳಿಯಿತು. ಎರಡನೇ ವರ್ಷ ಏನೂ ಆಗಲಿಲ್ಲ. ಡ್ರಿಪ್‌ಗೆ ಮೊದಲು ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವುದು), ಕ್ಯಾಲ್ಸಿಯಂ, ವಿಟಮಿನ್ ಡಿ ಮೂರನ್ನೂ ನೋಡಬೇಕು. ಆ ಕ್ರಿಯಾಟಿನಿನ್‌ನಿಂದ ಲೆಕ್ಕ ಹಾಕುವ ಕಿಡ್ನಿಯ ಶಕ್ತಿ, ಕ್ರಿಯಾಟಿನಿನ್ ಕ್ಲಿಯರೆನ್ಸ್ ಅಂತಾರೆ, ಅದು 35ಕ್ಕಿಂತ ಕೆಳಗಿದ್ದರೆ ಕೊಡುವುದಿಲ್ಲ. ಹಿಂದಿನ ದಿನ, ಅವತ್ತು ನೀರು ಚೆನ್ನಾಗಿ ಕುಡಿಯಿರಿ.

ಮೂಳೆ ಕಟ್ಟುವ ಇಂಜೆಕ್ಷನ್‌ಗಳೂ ಇವೆ, ಟೆರಿಪ್ಯಾರಟೈಡ್ ದಿನಾ ಚುಚ್ಚಿಕೊಳ್ಳುವುದು, ರೊಮೊಸೊಜುಮಾಬ್ ತಿಂಗಳಿಗೊಮ್ಮೆ ಒಂದು ವರ್ಷ. ಮೂಳೆ ತೀರಾ ಕೆಟ್ಟವರಿಗೆ, ಪದೇ ಪದೇ ಮುರಿದವರಿಗೆ ಅವನ್ನು ಮೊದಲು ಕೊಡುತ್ತಾರೆ. ಅದು ಮುಗಿದ ಮೇಲೂ ಗಳಿಸಿದ್ದನ್ನು ಹಿಡಿದಿಡಲು ಮೊದಲು ಹೇಳಿದ ಆ ಮೂರರಲ್ಲಿ ಒಂದು ಔಷಧಿ ಬೇಕು.

ಮಾವ, ಬೇಜಾರು ಮಾಡಿಕೊಳ್ಳಬೇಡಿ, ದವಡೆಯ ಮಾತು ಸುಳ್ಳಲ್ಲ. ಆದರೆ ಅಂಥದ್ದು ಜಾಸ್ತಿ ಕಂಡಿರುವುದು ಕ್ಯಾನ್ಸರ್ ರೋಗಿಗಳಲ್ಲಿ, ಅವರಿಗೆ ಕೊಡುವ ಡೋಸ್ ಎಷ್ಟೋ ಪಟ್ಟು ಹೆಚ್ಚು. ಮೂಳೆ ಸವೆತಕ್ಕೆ ಕೊಡುವ ಮಾತ್ರೆಯಲ್ಲಿ ವರ್ಷಕ್ಕೆ ಹತ್ತು ಸಾವಿರ ಜನರಲ್ಲಿ ಒಬ್ಬರಿಗೆ ಅಥವಾ ಅದಕ್ಕಿಂತಲೂ ಕಡಿಮೆ. ದೊಡ್ಡಮ್ಮ, ನಿಮಗೆ ಕೀಳಿಸಬೇಕಾದ ಹಲ್ಲು ಒಂದಿದೆ ಅಲ್ವಾ? ಅದನ್ನು ಔಷಧಿ ಶುರು ಮಾಡುವ ಮೊದಲೇ ಮುಗಿಸಿ, ಗಾಯ ಮಾಯಲಿ. ಇನ್ನೊಂದು, ವರ್ಷಗಟ್ಟಲೆ ತಗೊಂಡವರಿಗೆ ಅಪರೂಪಕ್ಕೆ ತೊಡೆಮೂಳೆ ಬಿರುಕು ಬಿಡುತ್ತದೆ. ತೊಡೆಯಲ್ಲಿ, ತೊಡೆಸಂದಿಯಲ್ಲಿ ಹೊಸದಾಗಿ ನೋವು ಬಂದರೆ ಮಂಡಿ ನೋವಿನ ಲೆಕ್ಕಕ್ಕೆ ಸೇರಿಸಿ ಸುಮ್ಮನಿರಬೇಡಿ.

ಈಗ ಕ್ಯಾಲ್ಸಿಯಂ. ಇದು ಔಷಧಿಗೆ ಜೊತೆ, ಬದಲಿ ಅಲ್ಲ. ನಿಮ್ಮ ವಯಸ್ಸಿಗೆ ದಿನಕ್ಕೆ ಒಟ್ಟು 1200 ಮಿಲಿಗ್ರಾಂ, ಊಟದಲ್ಲಿ ಸಿಗುವುದೂ ಸೇರಿ. ಕಮ್ಮಿ ಬಿದ್ದಷ್ಟಕ್ಕೆ ಮಾತ್ರ ಮಾತ್ರೆ. ಜಾಸ್ತಿ ತಗೊಂಡರೆ ಮೂಳೆ ಜಾಸ್ತಿ ಗಟ್ಟಿ ಆಗಲ್ಲ, ಮಲಬದ್ಧತೆ, ಕಿಡ್ನಿ ಕಲ್ಲು ಆಗಬಹುದು. ನಿಮ್ಮ ಡಬ್ಬಿ ಕೈಗೆ ತಗೊಂಡು ಹಿಂದಿನ ಸಣ್ಣ ಅಕ್ಷರ ಓದಿ. ಕ್ಯಾಲ್ಸಿಯಂ ಕಾರ್ಬೊನೇಟ್ 1250 ಅಂತ ಇದ್ದರೆ ಅದರಲ್ಲಿ ನಿಜವಾದ ಕ್ಯಾಲ್ಸಿಯಂ 500. ಒಂದು ಸಲಕ್ಕೆ ಮೈ ಚೆನ್ನಾಗಿ ಹೀರುವುದು 500–600ರಷ್ಟೇ, ಎರಡು ಮಾತ್ರೆ ಒಟ್ಟಿಗೆ ನುಂಗಬೇಡಿ. ಕಾರ್ಬೊನೇಟ್ ಊಟದ ಜೊತೆಗೆ, ಅದಕ್ಕೆ ಹೊಟ್ಟೆಯ ಹುಳಿ ಬೇಕು. ನೀವು ದಿನಾ ಆಸಿಡಿಟಿ ಮಾತ್ರೆ ತಗೋತೀರಿ, ಹಾಗಾಗಿ ನಿಮಗೆ ಕ್ಯಾಲ್ಸಿಯಂ ಸಿಟ್ರೇಟ್ ವಾಸಿ, ಡಾಕ್ಟರ್ ಹತ್ತಿರ ಕೇಳಿ ನೋಡಿ. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂಗೂ ನಾಲ್ಕು ಗಂಟೆ ಅಂತರ ಇರಲೇಬೇಕು. ಎರಡನ್ನೂ ಬೆಳಿಗ್ಗೆ ಒಟ್ಟಿಗೆ ನುಂಗುತ್ತಿದ್ದರೆ, ಹಾಗೆ ಒಟ್ಟಿಗೆ ನುಂಗುವುದನ್ನು ಇವತ್ತೇ ನಿಲ್ಲಿಸಿ.

ವಿಟಮಿನ್ ಡಿ ದಿನಕ್ಕೆ 800–1000 ಯುನಿಟ್ ಸಾಮಾನ್ಯವಾಗಿ ಸಾಕು, ರಕ್ತದಲ್ಲಿ ಕಡಿಮೆ ಇದ್ದರೆ ಡಾಕ್ಟರ್ ಜಾಸ್ತಿ ಕೊಡುತ್ತಾರೆ. ವರ್ಷಕ್ಕೊಂದೇ ಸಲ ಐದು ಲಕ್ಷ ಯುನಿಟ್ ಕೊಟ್ಟು ನೋಡಿದ ಅಧ್ಯಯನ 2010ರಲ್ಲಿ ಬಂತು, 70 ದಾಟಿದ ಹೆಂಗಸರಲ್ಲಿ. ಅವರು ಬೀಳುವುದು, ಮೂಳೆ ಮುರಿಯುವುದು ಕಡಿಮೆ ಆಗುವ ಬದಲು ಜಾಸ್ತಿಯೇ ಆಯಿತು. ಕೆ2, ಕೊಲಾಜೆನ್‌ಗೆ ಮುರಿತ ತಡೆಯುತ್ತವೆ ಅನ್ನುವಷ್ಟು ಗಟ್ಟಿ ಸಾಕ್ಷಿ ಇಲ್ಲ. ಮಾವ, ನೀವು ರಕ್ತ ಹೆಪ್ಪುಗಟ್ಟದ ಹಾಗೆ ವಾರ್ಫರಿನ್ ತಗೋತಿದ್ದೀರಿ. ವಿಟಮಿನ್ ಕೆ ಅದರ ಕೆಲಸವನ್ನೇ ಕೆಡಿಸುತ್ತದೆ. ದಯವಿಟ್ಟು ಆ ಕೆ2 ವಿಷಯ ನಿಮ್ಮ ಡಾಕ್ಟರಿಗೆ ನಾಳೆಯೇ ಫೋನ್ ಮಾಡಿ ಹೇಳಿ.

ದೊಡ್ಡಮ್ಮ, ರಾತ್ರಿ ಬಾತ್‌ರೂಮಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ದೀಪ ಹಾಕಿಸಿ, ಹಿಡಿದುಕೊಳ್ಳಲು ಗೋಡೆಗೆ ಒಂದು ಹಿಡಿ. ಬಗ್ಗಿ ಭಾರ ಎತ್ತುವುದನ್ನು ಬಿಡಿ.

ಡೆಕ್ಸಾ ರಿಪೋರ್ಟು, ಹೋದ ಸಲದ ಕ್ರಿಯಾಟಿನಿನ್, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಮೂರರ ಫೋಟೋ ನನಗೆ ಬೇರೆಯಾಗಿ ಕಳಿಸಿ. ಡಾಕ್ಟರ್ ಹತ್ತಿರ ಹೋಗುವ ದಿನ ನಾನೂ ಬರುತ್ತೇನೆ, ಸಮಯ ಹೇಳಿ.